ಟ್ರೇನ್ಜ್‌ನಲ್ಲಿ ಫಿಲ್ಟರ್ ಹಾಕಿ ಹಳೇ ಕಂಟೆಂಟ್ ತೆಗೆದೆ, ಶರಾವತಿ ಸೇತುವೆಯೇ ಮಾಯ!

ಶಿರವಾಡ ಲೂಪ್‌ಲೈನ್
ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಾನು ಕಾರವಾರದವನು. ಮನೆ ಶಿರವಾಡದಲ್ಲಿ. ಕಾರವಾರದ ರೈಲ್ವೆ ಸ್ಟೇಷನ್ ಇರುವುದೇ ಶಿರವಾಡದಲ್ಲಿ, ಪೇಟೆಯಲ್ಲಲ್ಲ. ರಾತ್ರಿ ಗೂಡ್ಸ್ ಹೋದರೆ ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಗಳು ಗಿಣಿಗಿಣಿ ಅನ್ನುತ್ತವೆ. ಆ ಸದ್ದು ಕೇಳಿಯೇ ಬೆಳೆದವನು, ಅದಕ್ಕೇ ಈ ಹುಚ್ಚು.

ಮೂರು ವರ್ಷದಿಂದ ಟ್ರೇನ್ಜ್ ಅನ್ನುವ ಕಂಪ್ಯೂಟರ್ ರೈಲು ಗೇಮ್‌ನಲ್ಲಿ ಕೊಂಕಣ ರೈಲ್ವೆಯ ನಮ್ಮ ಜಿಲ್ಲೆಯ ಭಾಗವನ್ನು ಕಟ್ಟುತ್ತಿದ್ದೇನೆ. ಟಿಆರ್‌ಎಸ್ 19 ಆವೃತ್ತಿ. ಅಸ್ನೋಟಿಯಿಂದ ಶುರು. ಕಾಳಿ ಸೇತುವೆ, ಕಾರವಾರ ಸುರಂಗ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ್, ಕುಮಟಾ ದಾಟಿ ಈಗ ಹೊನ್ನಾವರಕ್ಕೆ ಬಂದಿದ್ದೇನೆ. ಮುರ್ಡೇಶ್ವರ, ಭಟ್ಕಳ ಇನ್ನೂ ಬರೀ ಖಾಲಿ ನೆಲ. ಕರೆಂಟ್ ತಂತಿ ಬರುವುದಕ್ಕೆ ಮುಂಚಿನ ಕಾಲ ಇಟ್ಟುಕೊಂಡಿದ್ದೇನೆ. ಎಲ್ಲ ಡೀಸೆಲ್. ಈ ಲೈನಿನ ವಿದ್ಯುದೀಕರಣ 2022ರಲ್ಲಿ ಮುಗಿಯಿತು. ನನಗೆ ಬೇಕಾಗಿರುವುದು ಅದಕ್ಕಿಂತ ಹಿಂದಿನದು.

ಈಗ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದಲ್ಲಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡು ಕಂಟೆಂಟ್ ಮ್ಯಾನೇಜರ್ (ಗೇಮ್‌ನ ಮರ, ಸೇತುವೆ, ಗಾಡಿಗಳ ಪಟ್ಟಿ ಇಡುವ ಜಾಗ) ಕಸದ ಬುಟ್ಟಿ ಆಗಿದೆ. ಒಂದು ತೆಂಗಿನಮರ ಹುಡುಕಿದರೆ ಆರು ಬಗೆಯ ತೆಂಗು ಬರುತ್ತದೆ. ಅದರಲ್ಲಿ ಮೂರು ಯಾವ ಕಾಲದ್ದೋ. ಪಟ್ಟಿ ತೆರೆದುಕೊಳ್ಳುವುದೂ ನಿಧಾನ. ನಿನ್ನೆ ಶನಿವಾರ ಮಳೆ ಜೋರು, ಹೊರಗೆ ಹೋಗುವ ಹಾಗಿರಲಿಲ್ಲ. ಸರಿ, ಕ್ಲೀನ್ ಮಾಡೋಣ ಅಂತ ಕುಳಿತೆ.

ಮೊದಲು ಔಟ್ ಆಫ್ ಡೇಟ್ ಫಿಲ್ಟರ್ ಹಾಕಿದೆ. 600 ಚಿಲ್ಲರೆ ಬಂತು. ಹೆದರಿಕೆ ಆಯಿತು, ಮುಟ್ಟಲಿಲ್ಲ. ಆಮೇಲೆ ಬುದ್ಧಿವಂತಿಕೆ ಮಾಡಿದೆ. ಹಳೇದು ಅಂದರೆ ಹಳೇ ಗೇಮ್‌ಗೆ ಮಾಡಿದ್ದು ಅಲ್ವಾ, ಹಾಗಾದರೆ ಬಿಲ್ಡ್ ನಂಬರ್ ನೋಡಿದರೆ ಸಾಕು ಅಂತ. ಬಿಲ್ಡ್ 2.9ಕ್ಕಿಂತ ಕಡಿಮೆ ಇರುವುದೆಲ್ಲ ತೋರಿಸು ಅಂದೆ. 340 ಬಂತು. ಕಂಟ್ರೋಲ್ ಎ ಒತ್ತಿದೆ, ಡಿಲೀಟ್ ಒತ್ತಿದೆ. ಚಹಾ ಕುಡಿದು ಬಂದೆ. ಪಟ್ಟಿ ಚೊಕ್ಕ ಆಗಿತ್ತು. ಖುಷಿಯಾಯಿತು.

ಇವತ್ತು ಮಧ್ಯಾಹ್ನ ಕುಮಟಾದಿಂದ ಗಾಡಿ ಬಿಟ್ಟೆ. ಹೊನ್ನಾವರ ಬರುವ ಮೊದಲೇ ಗದ್ದೆಯಲ್ಲಿ ಒಂದೂ ತೆಂಗಿಲ್ಲ. ಬೋಳು. ಸ್ಟೇಷನ್ ದಾಟಿ ನದಿ ದಂಡೆಗೆ ಬಂದರೆ ಹಳಿಯೇ ಇಲ್ಲ! ಆಚೆ ದಡದಲ್ಲಿ ಹಳಿ ಕಾಣುತ್ತದೆ, ಈಚೆ ದಡದಲ್ಲಿ ಕಾಣುತ್ತದೆ, ನಡುವೆ ಬರೀ ನೀರು. ನಿಜವಾದ ಸೇತುವೆ 2 ಕಿಲೋಮೀಟರ್‌ಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅಷ್ಟೂ ಹೋಗಿದೆ. ನನ್ನ ಡಬ್ಲ್ಯೂಡಿಜಿ-4 ಎಂಜಿನ್ ದಂಡೆಯಲ್ಲಿ ಮೂಗು ಮುಂದೆ ಮಾಡಿ ನಿಂತುಬಿಟ್ಟಿತು, ತಾರಿ ದೋಣಿಗೆ ಕಾಯುವವರ ಹಾಗೆ.

ಇದೆಲ್ಲಕ್ಕಿಂತ ಜಾಸ್ತಿ ಸಂಕಟ ಆಗಿರುವುದು ಬೇರೆ. ನಮ್ಮಪ್ಪ ಲಾರಿ ಡ್ರೈವರ್ ಆಗಿದ್ದರು. ಸುರತ್ಕಲ್‌ನಲ್ಲಿ ಲಾರಿಯನ್ನು ರೋ-ರೋ ಗಾಡಿಗೆ ಹತ್ತಿಸಿ ಕೋಲಾಡ್‌ನಲ್ಲಿ ಇಳಿಸುತ್ತಿದ್ದರು. ಆ ಚಪ್ಪಟೆ ವ್ಯಾಗನ್ನಿನ ಒಂದು ಹಳೇ ಆಡ್-ಆನ್ ನನ್ನ ಹತ್ತಿರ ಇತ್ತು. ಎಲ್ಲಿಂದ ಇಳಿಸಿದ್ದು ಅಂತಲೂ ನೆನಪಿಲ್ಲ. ಅದೂ ಹೋಯಿತು.

ಪ್ರಶ್ನೆ ಎರಡು. ಹೋಗಿದ್ದು ವಾಪಸ್ ಬರುತ್ತದೆಯೇ? ಮತ್ತೆ, ಹಳೇ ಕಂಟೆಂಟ್ ಬೇರೆ ಮಾಡಲಿಕ್ಕೆ ಸರಿಯಾದ ಫಿಲ್ಟರ್ ಯಾವುದು?


ಕುಮಟಾ ಪ್ಯಾಸೆಂಜರ್
ಭಾನುವಾರ ರಾತ್ರಿ 11:52

ಡೇಟಾಬೇಸ್ ರಿಪೇರಿ ಕೊಟ್ಟು ನೋಡಿ. ನನಗೆ ಏನೇ ಆದರೂ ಮೊದಲು ಅದೇ.

ನಾನಂತೂ ಈ ಫಿಲ್ಟರ್ ಗೋಜಿಗೇ ಹೋಗುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇನೆ. ಮನೆಗೆ ಸುಣ್ಣ ಬಳಿದ ಹಾಗೆ.

ಅಂದ ಹಾಗೆ ಕುಮಟಾ ಸ್ಟೇಷನ್ನಿನ ಸ್ಕ್ರೀನ್‌ಶಾಟ್ ಹಾಕಿ ಮಾರಾಯ್ರೇ, ನಮ್ಮೂರು ಹೇಗೆ ಮಾಡಿದ್ದೀರಿ ನೋಡೋಣ.


ಚಾಲಿ ಚೀಲ
ಸೋಮವಾರ ಬೆಳಿಗ್ಗೆ 6:15

ಲೂಪ್‌ಲೈನ್ ತಮ್ಮಾ, ಮೊದಲು ಒಂದು ಮಾತು. ಡೇಟಾಬೇಸ್ ರಿಪೇರಿ ಮಾಡಿದರೆ ಅಳಿಸಿದ್ದು ಬರುವುದಿಲ್ಲ. ಇರುವುದರ ಲೆಕ್ಕವನ್ನು ಸರಿ ಮಾಡುತ್ತದೆ, ಅಷ್ಟೇ. ಪ್ಯಾಸೆಂಜರ್ ಅವರಿಗೆ ಬೇಜಾರಾಗದಿರಲಿ.

ಹೋಗಿದ್ದು ಬಹಳ ಮಟ್ಟಿಗೆ ಸಿಗುತ್ತದೆ. ಟ್ರೇನ್ಜ್ ಡೇಟಾ ಇರುವ ಜಾಗದಲ್ಲಿ ಬ್ಯಾಕಪ್ಸ್ ಅಂತ ಒಂದು ಫೋಲ್ಡರ್ ಇರುತ್ತದೆ. ನೀನು ಅಳಿಸಿದ್ದು, ತಿದ್ದಿದ್ದು ಎಲ್ಲ ತಾರೀಕಿನ ಪ್ರಕಾರ ಅಲ್ಲಿ ಬಿದ್ದಿರುತ್ತವೆ. ಆದರೆ ಶಾಶ್ವತ ಅಲ್ಲ. ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಸೆಟ್ಟಿಂಗ್‌ನಲ್ಲಿ ಒಂದು ಲೆಕ್ಕ ಇರುತ್ತದೆ, ಅದು ಮುಗಿದರೆ ಅದೂ ಖಾಲಿ. ಆದ್ದರಿಂದ ಗೇಮ್ ಮುಚ್ಚು, ಶನಿವಾರದ ತಾರೀಕಿನ ಫೋಲ್ಡರನ್ನು ಪೂರ್ತಿ ಬೇರೆ ಡ್ರೈವ್‌ಗೆ ಕಾಪಿ ಮಾಡು. ಇದನ್ನು ಓದಿ ಮುಗಿಸುವ ಮೊದಲೇ ಮಾಡು. ಕಾಪಿ ಆದ ಮೇಲೆ ಉಳಿದದ್ದು ಓದು.

ಆಯಿತಾ? ಸರಿ.

ನೀನು ತಪ್ಪಿದ್ದು ಎಲ್ಲಿ ಅಂತ ಹೇಳುತ್ತೇನೆ. ನಾನು ಶಿರಸಿ ಕಡೆಯವನು, ತೋಟ ಇದೆ, ಅಡಿಕೆಯಲ್ಲೇ ಹೇಳಿದರೆ ನನಗೆ ಸುಲಭ. ನಮ್ಮಲ್ಲಿ ಹಳೇ ಚಾಲಿಗೆ (ಒಣಗಿಸಿ ಸುಲಿದ ಅಡಿಕೆ) ಹೊಸ ಚಾಲಿಗಿಂತ ರೇಟು ಜಾಸ್ತಿ. ಒಂದು ವರ್ಷ ಇಟ್ಟ ಚೀಲಕ್ಕೆ ಬೆಲೆ. ಅದೇ ಚೀಲದಲ್ಲಿ ಹುಳ ಬಿದ್ದದ್ದೂ ಇರುತ್ತದೆ, ಅದು ಕೋಕ. ಎರಡೂ ಹಳೇದೇ. ನೀನು ಮಾಡಿದ್ದು ಏನು? ಕೋಕ ತೆಗೆಯಲಿಕ್ಕೆ ಹೋಗಿ ಹಳೇ ಚಾಲಿಯ ಚೀಲವನ್ನೇ ಗೊಬ್ಬರದ ಗುಂಡಿಗೆ ಸುರಿದೆ.

ಬಿಲ್ಡ್ ನಂಬರ್ ಹೇಳುವುದು ಆ ಸಾಮಾನನ್ನು ಯಾವ ಕಾಲದ ಗೇಮ್‌ಗೆ ಅಂತ ಮಾಡಿದರು ಅನ್ನುವುದನ್ನು ಮಾತ್ರ. 2.9 ಅಂದರೆ ಟಿಎಸ್ 2009ರ ಕಾಲ. ಅದಕ್ಕಿಂತ ಕಡಿಮೆ ಅಂದರೆ 2004, 2006ರ ಗೇಮ್‌ಗಳಿಗೆ ಮಾಡಿದ್ದು. ಟ್ರೇನ್ಜ್ ಶುರುವಾಗಿದ್ದೇ 2001ರಲ್ಲಿ. ಅಷ್ಟು ಹಿಂದೆ ಮಾಡಿದ ಎಷ್ಟೋ ಸೇತುವೆ, ಗಿಡ, ಸಿಗ್ನಲ್ ಇವತ್ತಿಗೂ ಚೆನ್ನಾಗಿ ಓಡುತ್ತವೆ. ಅವುಗಳಿಗೆ ಬದಲಿ ಯಾರೂ ಮಾಡಿಲ್ಲ. ನಿನ್ನ ಶರಾವತಿ ಸೇತುವೆ ಆ ಜಾತಿ.

ಔಟ್ ಆಫ್ ಡೇಟ್ ಅನ್ನುವುದು ಬೇರೆ ಮಾತು. ವಯಸ್ಸಿಗೆ ಸಂಬಂಧವೇ ಇಲ್ಲ. ಇದಕ್ಕಿಂತ ಹೊಸ ಆವೃತ್ತಿ ಬಂದಿದೆ ಅಂತ ಅರ್ಥ, ಅಷ್ಟೇ. ಹೋದ ತಿಂಗಳು ಮಾಡಿದ ಎಂಜಿನ್‌ಗೆ ಈ ತಿಂಗಳು ತಿದ್ದಿದ್ದು ಬಂದರೆ ಹೋದ ತಿಂಗಳಿನದು ಔಟ್ ಆಫ್ ಡೇಟ್. 2004ರ ಸೇತುವೆಗೆ ಮುಂದಿನದು ಬರದೇ ಇದ್ದರೆ ಅದು ಔಟ್ ಆಫ್ ಡೇಟ್ ಅಲ್ಲ. ನೀನು ಹೆದರಿ ಬಿಟ್ಟ ಪಟ್ಟಿಯೇ ಸರಿಯಾದ ಪಟ್ಟಿ. ಧೈರ್ಯದಿಂದ ಮುಟ್ಟಿದ್ದು ತಪ್ಪಿನದು.

ಇದು ಗೇಮ್‌ಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಕುಯಿಡ್ ನೋಡು. ಪ್ರತಿ ಸಾಮಾನಿಗೂ ಒಂದು ಕುಯಿಡ್, ಅಂದರೆ ಗುರುತಿನ ನಂಬರ್ ಇರುತ್ತದೆ. ಮೊದಲ ಸಂಖ್ಯೆ ಮಾಡಿದವರದು, ಎರಡನೆಯದು ಸಾಮಾನಿನದು. ಕುಯಿಡ್2 ಅಂತ ಶುರುವಾಗಿದ್ದರೆ ಕೊನೆಯಲ್ಲಿ ಮೂರನೇ ಸಂಖ್ಯೆಯೂ ಇರುತ್ತದೆ, ಅದು ಆವೃತ್ತಿ. ಮೊದಲೆರಡು ಒಂದೇ ಆಗಿದ್ದು ಕೊನೆಯದು 1, 2, 3 ಅಂತ ಇದ್ದರೆ 3 ಬಂದ ಮೇಲೆ 1 ಮತ್ತು 2 ಹಳೇದಾದವು. ನಿನ್ನ ರೂಟಿನಲ್ಲಿ 1ನ್ನೇ ನೆಟ್ಟಿದ್ದರೂ ಗೇಮ್ ತಾನಾಗಿ 3ನ್ನು ಎತ್ತಿಕೊಳ್ಳುತ್ತದೆ. ಮಾಡಿದವರು ಸಾಮಾನಿನ ವಿವರ ಇರುವ ಕಾನ್ಫಿಗ್ ಫೈಲಿನಲ್ಲಿ ಆಬ್ಸೊಲೀಟ್ ಟೇಬಲ್ ಬರೆದು, ಇದು ಆ ಹಳೇ ಕುಯಿಡ್‌ಗೆ ಬದಲಿ ಅಂತಲೂ ಹೇಳಬಹುದು. ಆಗ ನಂಬರ್ ಪೂರ್ತಿ ಬೇರೆ ಇದ್ದರೂ ನಡೆಯುತ್ತದೆ.

ಹಾಗಾಗಿ ಔಟ್ ಆಫ್ ಡೇಟ್ ಪಟ್ಟಿ ಬಂದ ಮೇಲೆ ಪಕ್ಕದ ಸ್ಟೇಟಸ್ ಕಾಲಂ ಓದಬೇಕು. ಹೊಸದು ನಿನ್ನ ಕಂಪ್ಯೂಟರಿಗೆ ಆಗಲೇ ಬಂದು ಕುಳಿತಿದ್ದರೆ ಹಳೇದು ಆಬ್ಸೊಲೀಟ್, ಅದು ಸುಮ್ನೆ ಜಾಗ ತಿನ್ನುತ್ತಿದೆ. ಹೊಸದು ಡೌನ್‌ಲೋಡ್ ಸ್ಟೇಷನ್ನಿನಲ್ಲಿ (ಗೇಮ್‌ನವರದೇ ಆನ್‌ಲೈನ್ ಉಗ್ರಾಣ) ಮಾತ್ರ ಇದ್ದರೆ ನಿನ್ನ ಹತ್ತಿರ ಇರುವುದು ಅದೊಂದೇ. ಅದನ್ನು ಅಳಿಸಿದರೆ ಕೈ ಖಾಲಿ. ಮೊದಲು ಹೊಸದನ್ನು ಇಳಿಸಬೇಕು.

ನಾನು ಫಿಲ್ಟರ್ ಕಟ್ಟುವುದು ಹೀಗೆ. ಇನ್‌ಸ್ಟಾಲ್ಡ್ ಹೌದು, ಔಟ್ ಆಫ್ ಡೇಟ್ ಹೌದು, ಇದರ ಜೊತೆ ಒಂದು ಕೆಟಗರಿ. ಎಲ್ಲ ಷರತ್ತೂ ಒಟ್ಟಿಗೆ ಕೂಡಿದ್ದು ಮಾತ್ರ ಬರುತ್ತದೆ. ಒಂದು ದಿನ ಗಿಡಮರ, ಇನ್ನೊಂದು ದಿನ ಹಳಿ ಮತ್ತು ಸೇತುವೆ, ಮತ್ತೊಂದು ದಿನ ವ್ಯಾಗನ್. ಒಂದೊಂದಕ್ಕೂ ಹೆಸರು ಕೊಟ್ಟು ಸೇವ್ ಮಾಡಿಟ್ಟಿದ್ದೇನೆ. ಮುಂದಿನ ಸಲ ಕ್ಲಿಕ್ ಮಾಡಿದರೆ ಪಟ್ಟಿ ರೆಡಿ. 600 ಒಟ್ಟಿಗೆ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ. 40 ನೋಡಿದರೆ ಕಣ್ಣು ಓಡುತ್ತದೆ. ಅಡಿಕೆ ಆರಿಸುವಾಗಲೂ ಅಷ್ಟೇ, ಮೊರದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು.

ಅಳಿಸುವ ಮೊದಲು ಪ್ರತಿಯೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಲಿಸ್ಟ್ ಡಿಪೆಂಡೆಂಟ್ಸ್ ನೋಡುತ್ತೇನೆ. ಇದನ್ನು ನಂಬಿಕೊಂಡು ಬೇರೆ ಏನೇನು ಇದೆ ಅಂತ ತೋರಿಸುತ್ತದೆ. ಎಷ್ಟೋ ವ್ಯಾಗನ್‌ಗಳು ತಮ್ಮ ಬೋಗಿಯನ್ನೋ (ಗಾಲಿಗಳಿರುವ ಚೌಕಟ್ಟು) ಮೆಶ್ಶನ್ನೋ (3ಡಿ ಆಕಾರ) ಬೇರೆಯವರ ಹಳೇ ಸಾಮಾನಿನಿಂದ ಎರವಲು ತಂದಿರುತ್ತವೆ. ನಿನ್ನ ಕಣ್ಣಿಗೆ ಬೇಡದ ಹಳೇ ಬೋಗಿ, ಅದನ್ನು ತೆಗೆದರೆ ಹೊಸ ವ್ಯಾಗನ್ನಿಗೆ ಗಾಲಿಯೇ ಇಲ್ಲ.

ಅನುಮಾನ ಇದ್ದರೆ ಡಿಲೀಟ್ ಬೇಡ, ಡಿಸೇಬಲ್ ಮಾಡು. ಫೈಲ್ ಇದ್ದಲ್ಲೇ ಇರುತ್ತದೆ, ಗೇಮ್ ಮಾತ್ರ ಅದನ್ನು ಬಳಸುವುದಿಲ್ಲ. ಒಂದು ವಾರ ಗಾಡಿ ಓಡಿಸು. ಏನೂ ಕಾಣೆಯಾಗದಿದ್ದರೆ ಆಮೇಲೆ ಅಳಿಸು. ಡೌನ್‌ಲೋಡ್ ಸ್ಟೇಷನ್ ಬಿಟ್ಟು ಹೊರಗಿನಿಂದ ತಂದದ್ದು ಇರುತ್ತದಲ್ಲ, ನಿನ್ನ ಅಪ್ಪನ ರೋ-ರೋ ವ್ಯಾಗನ್ ತರದ್ದು, ಅದನ್ನು ಮಾತ್ರ ಸಿಡಿಪಿ ಫೈಲ್ (ಟ್ರೇನ್ಜ್ ಸಾಮಾನು ಕಟ್ಟಿಡುವ ಫೈಲ್) ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಗೋದ್ರೆಜ್ ಕಪಾಟಿನಲ್ಲಿ ಇಡು. ನಮ್ಮ ದೇಶದ ಎಂಜಿನ್, ಡಬ್ಬಿಗಳಲ್ಲಿ ಬಹಳಷ್ಟು ಹೀಗೆ ಹೊರಗಿನವೇ. ಮಾಡಿದವರ ಸೈಟ್ ಮುಚ್ಚಿದರೆ ಮತ್ತೆ ಸಿಗುವುದಿಲ್ಲ.

ಇನ್ನೊಂದು. ಇಂಡಿಯಾದ್ದನ್ನೆಲ್ಲ ಬೇರೆ ಮಾಡೋಣ ಅಂತ ರೀಜನ್ ಫಿಲ್ಟರ್ ಹಾಕಿದರೆ ಪೂರ್ತಿ ನಂಬಬೇಡ. ಮಾಡಿದವರು ಕಾನ್ಫಿಗ್‌ನಲ್ಲಿ ಏನು ಬರೆದಿದ್ದಾರೋ ಅದನ್ನೇ ಅದು ಓದುವುದು. ಕೆಲವರು ಬರೆದೇ ಇರುವುದಿಲ್ಲ. ಕೆಲವರು ಬೇರೆಯವರ ಕಾನ್ಫಿಗ್ ಕಾಪಿ ಮಾಡಿರುತ್ತಾರೆ, ನಮ್ಮ ಗೂಡ್ಸ್ ಡಬ್ಬಿ ಆಸ್ಟ್ರೇಲಿಯಾದ್ದು ಅಂತ ಬರುತ್ತದೆ.

ಶಿರಸಿಗೆ ರೈಲೇ ಇಲ್ಲ, ನಿನಗೆ ಇಷ್ಟೆಲ್ಲ ಹೇಗೆ ಗೊತ್ತು ಅಂತ ಕೇಳಬೇಡ. ರೈಲಿಲ್ಲ ಅಂತಲೇ ಕಂಪ್ಯೂಟರಿನಲ್ಲಿ ಓಡಿಸುವುದು. ತಾಳಗುಪ್ಪದಿಂದ ಸಿದ್ದಾಪುರದ ಮೇಲೆ ಶಿರಸಿಗೆ ನಾನೇ ಲೈನ್ ಹಾಕಿದ್ದೇನೆ. ಗೇಮ್‌ನಲ್ಲಿ ಅರಣ್ಯ ಇಲಾಖೆ ಅಡ್ಡ ಬರುವುದಿಲ್ಲ.


ಶಿರವಾಡ ಲೂಪ್‌ಲೈನ್
ಸೋಮವಾರ ರಾತ್ರಿ 9:05

ಅಣ್ಣಾ, ನಿಮ್ಮ ಕಾಲಿಗೆ ಬಿದ್ದೆ.

ಬೆಳಿಗ್ಗೆ ಎದ್ದ ತಕ್ಷಣ ನೋಡಿದ್ದು ನಿಮ್ಮ ಉತ್ತರ. ಹಲ್ಲು ಕೂಡ ಉಜ್ಜದೆ ಕಂಪ್ಯೂಟರ್ ಹಾಕಿದೆ. ಬ್ಯಾಕಪ್ಸ್ ಫೋಲ್ಡರ್ ಇತ್ತು. ಶನಿವಾರದ ತಾರೀಕೂ ಇತ್ತು. ಕಾಪಿ ಅರ್ಧ ಆಗುವಾಗ ಕರೆಂಟ್ ಹೋಯಿತು. ನಮ್ಮಲ್ಲಿ ಮಳೆಗಾಲದಲ್ಲಿ ಅದು ದಿನಾ ಇದ್ದದ್ದೇ, ಆದರೆ ಇವತ್ತಿನಷ್ಟು ಎದೆ ಯಾವತ್ತೂ ಬಡಿದುಕೊಂಡಿರಲಿಲ್ಲ. ಹನ್ನೊಂದು ಗಂಟೆಗೆ ಬಂತು. ಮತ್ತೆ ಮೊದಲಿನಿಂದ ಕಾಪಿ ಮಾಡಿದೆ.

ಫೈಲ್‌ಗಳನ್ನು ಎಳೆದು ಕಂಟೆಂಟ್ ಮ್ಯಾನೇಜರ್ ಮೇಲೆ ಬಿಟ್ಟೆ. ಒಂದೊಂದಾಗಿ ಒಳಗೆ ಹೋದವು. ಸೇತುವೆ ಬಂತು! ರೋ-ರೋ ವ್ಯಾಗನ್ ಕೂಡ ಬಂತು. ಅದನ್ನು ಮೊದಲು ಸಿಡಿಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿದೆ. ಗೋದ್ರೆಜ್ ಇಲ್ಲ, ದೇವರ ಕೋಣೆಯ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಆಮೇಲೆ ನೀವು ಹೇಳಿದ ಹಾಗೆ ಫಿಲ್ಟರ್ ಕಟ್ಟಿದೆ. ಸೀನರಿ ಕೆಟಗರಿಗೆ 212 ಬಂತು. ಸ್ಟೇಟಸ್ ಓದಿ ಬೇರೆ ಮಾಡಿದರೆ ನಿಜಕ್ಕೂ ಆಬ್ಸೊಲೀಟ್ ಇದ್ದದ್ದು 150ರಷ್ಟು. ಅದನ್ನು ಡಿಸೇಬಲ್ ಮಾಡಿಟ್ಟಿದ್ದೇನೆ. ಪಟ್ಟಿಯಲ್ಲಿ ತೆಂಗು ಆರರಿಂದ ನಾಲ್ಕಕ್ಕೆ ಇಳಿಯಿತು.

ಆದರೆ ಒಂದು ಅರ್ಥ ಆಗುತ್ತಿಲ್ಲ. ಹೊನ್ನಾವರದ ಹತ್ತಿರ ಗದ್ದೆ ಅಂಚಿಗೆ ಸಾಲಾಗಿ ನೆಟ್ಟ ತೆಂಗು ಇನ್ನೂ ಕಾಣುತ್ತಿಲ್ಲ. ಆ ಮರದ ಆವೃತ್ತಿ 1 ಮತ್ತು 2 ಎರಡೂ ನನ್ನ ಹತ್ತಿರ ಇವೆ. 1 ಆಬ್ಸೊಲೀಟ್ ಅಂತ ತೋರಿಸುತ್ತದೆ. 2ರ ಮುಂದೆ ಮಿಸ್ಸಿಂಗ್ ಡಿಪೆಂಡೆನ್ಸೀಸ್ ಅಂತ ಇದೆ. ಹಿಂದೆಲ್ಲ ಕಾಣುತ್ತಿತ್ತು. ಹೋದ ವಾರ ಏನೇನೋ ಅಪ್‌ಡೇಟ್ ಕೊಟ್ಟಿದ್ದೆ, ಅದರಲ್ಲಿ ಬಂತೋ ಏನೋ.


ಅಪ್ಸರಕೊಂಡ
ಸೋಮವಾರ ರಾತ್ರಿ 10:30

ನಾನು ಹೊನ್ನಾವರದವಳು. ನಮ್ಮೂರಿನ ತೆಂಗು ಹೋಗಿದೆ ಅಂದ ಮೇಲೆ ಸುಮ್ಮನೆ ಇರುವುದು ಹೇಗೆ.

ನಿಮ್ಮ ವಿಷಯದಲ್ಲಿ ಹಳೇದು ಒಳ್ಳೆಯದು, ಹೊಸದು ಕೆಟ್ಟದ್ದು. ಟ್ರೇನ್ಜ್ ಯಾವಾಗಲೂ ದೊಡ್ಡ ಆವೃತ್ತಿಯನ್ನೇ ಹಿಡಿಯುತ್ತದೆ. ಅದು ಕೆಟ್ಟಿದೆಯೋ ಅರ್ಧ ಇದೆಯೋ ನೋಡುವುದಿಲ್ಲ. 2 ಇರುವವರೆಗೆ 1ರ ಕಡೆ ತಿರುಗಿಯೂ ನೋಡುವುದಿಲ್ಲ. 2ಕ್ಕೆ ಬೇಕಾದ ಯಾವುದೋ ಟೆಕ್ಸ್ಚರ್ (ಆಕಾರದ ಮೇಲೆ ಅಂಟಿಸುವ ಚಿತ್ರ) ನಿಮ್ಮ ಹತ್ತಿರ ಇಲ್ಲ, ಆದ್ದರಿಂದ ಮರ ಇಲ್ಲ.

ಹೀಗೆ ಮಾಡಿ. 2ರ ಮೇಲೆ ರೈಟ್ ಕ್ಲಿಕ್, ಲಿಸ್ಟ್ ಡಿಪೆಂಡೆನ್ಸೀಸ್. ಚಾಲಿಯವರು ಹೇಳಿದ್ದು ಡಿಪೆಂಡೆಂಟ್ಸ್, ನಾನು ಹೇಳುವುದು ಡಿಪೆಂಡೆನ್ಸೀಸ್. ಡಿಪೆಂಡೆಂಟ್ಸ್ ಅಂದರೆ ಈ ಸಾಮಾನನ್ನು ನಂಬಿಕೊಂಡಿರುವವು, ಡಿಪೆಂಡೆನ್ಸೀಸ್ ಅಂದರೆ ಈ ಸಾಮಾನು ತಾನು ನಂಬಿಕೊಂಡಿರುವವು. ಬರುವ ಪಟ್ಟಿಯಲ್ಲಿ ಕಾಣೆಯಾದದ್ದು ಡೌನ್‌ಲೋಡ್ ಸ್ಟೇಷನ್ನಿನಲ್ಲಿ ಇದ್ದರೆ ಇಳಿಸಿಕೊಳ್ಳಿ, ಮುಗಿಯಿತು. ಅದು ಎಲ್ಲಿದೆ ಅಂತ ಗೇಮ್‌ಗೂ ಗೊತ್ತಿಲ್ಲದಿದ್ದರೆ 2ನ್ನು ತೆಗೆದು ಬಿಡಿ. 1 ತಾನಾಗಿ ಜೀವ ಹಿಡಿಯುತ್ತದೆ. ನೀವು 1ನ್ನು ಡಿಸೇಬಲ್ ಮಾಡಿದ್ದರೆ ಮತ್ತೆ ಎನೇಬಲ್ ಮಾಡಬೇಕು, ಮರೆಯಬೇಡಿ.

ಅದಕ್ಕೇ ನಾನು ಹಳೇದನ್ನು ಹುಡುಕುವ ಮೊದಲು ಇನ್ನೊಂದು ಫಿಲ್ಟರ್ ಹಾಕುತ್ತೇನೆ. ಇನ್‌ಸ್ಟಾಲ್ಡ್ ಹೌದು, ಫಾಲ್ಟಿ ಹೌದು. ಆಮೇಲೆ ಮಿಸ್ಸಿಂಗ್ ಡಿಪೆಂಡೆನ್ಸೀಸ್. ಈ ಎರಡು ಪಟ್ಟಿ ಖಾಲಿ ಆಗುವವರೆಗೆ ಔಟ್ ಆಫ್ ಡೇಟ್ ಕಡೆ ಹೋಗುವುದೇ ಇಲ್ಲ. ಹೊಸದು ಸರಿ ಇದೆ ಅಂತ ಗೊತ್ತಾದ ಮೇಲೆ ಅಲ್ವಾ ಹಳೇದನ್ನು ಎಸೆಯುವುದು. ಹೊಸ ಮಡಕೆಯಲ್ಲಿ ನೀರು ಸೋರುತ್ತದೆಯಾ ನೋಡದೆ ಹಳೇದನ್ನು ಒಡೆಯುತ್ತಾರಾ?

ಫಾಲ್ಟಿ ಬಂದದ್ದನ್ನೆಲ್ಲ ಅಳಿಸಬೇಕಾಗಿಯೂ ಇಲ್ಲ. ನಾನು ಬಿಡುವಿದ್ದಾಗ ಇಂಥದ್ದನ್ನು ರಿಪೇರಿ ಮಾಡುತ್ತೇನೆ. ಹಳೇ ಸಾಮಾನಿನಲ್ಲಿ ಕಾಯಿಲೆ ಹೆಚ್ಚಾಗಿ ಒಂದೇ ತರ. ಟೆಕ್ಸ್ಚರ್ ಅಳತೆ ಸರಿ ಇರುವುದಿಲ್ಲ, 256, 512 ಹೀಗೆ ಎರಡೆರಡು ಪಟ್ಟು ಇರಬೇಕಾದದ್ದು 300 ಇರುತ್ತದೆ. ಇಲ್ಲವೇ ಮೆಶ್ ಪಿಎಂ ಅನ್ನುವ ಹಳೇ ಬಗೆಯದ್ದಾಗಿರುತ್ತದೆ. ಅದನ್ನು ಐಎಂ ಮಾಡಬೇಕು. ಪೆವ್ ಟೂಲ್ಸ್‌ನಲ್ಲಿ ಅದಕ್ಕೆಂದೇ ಪಿಎಂ2ಐಎಂ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ, ಫೈಲ್ ಎಳೆದು ಬಿಟ್ಟರೆ ಸಾಕು. ಒಂದು ಎಚ್ಚರಿಕೆ. ರಿಪೇರಿ ಮಾಡುವಾಗ ಬಿಲ್ಡ್ ನಂಬರನ್ನು ಸುಮ್ಮನೆ ಮೇಲಕ್ಕೆ ಏರಿಸಬೇಡಿ. ಬಿಲ್ಡ್ ಜಾಸ್ತಿ ಆದಷ್ಟೂ ಗೇಮ್ ತಪಾಸಣೆ ಬಿಗಿ. ಒಂದು ತಪ್ಪು ಇದ್ದದ್ದು ಏಳು ಆಗುತ್ತದೆ. ಈ ತಪ್ಪನ್ನು ನಾನು ಒಂದು ದೀಪದ ಕಂಬದ ಮೇಲೆ ಮಾಡಿ ಪೂರ್ತಿ ಒಂದು ಭಾನುವಾರ ಕಳೆದುಕೊಂಡಿದ್ದೇನೆ. ಬರೀ ಒಂದು ಕಂಬ!


ಕುಮಟಾ ಪ್ಯಾಸೆಂಜರ್
ಮಂಗಳವಾರ ಬೆಳಿಗ್ಗೆ 8:10

ನಾನು ವರ್ಷಕ್ಕೊಮ್ಮೆ ಎಲ್ಲ ಅಳಿಸುತ್ತೇನೆ ಅಂದೆನಲ್ಲ, ನಿನ್ನೆ ರಾತ್ರಿ ಲೆಕ್ಕ ಹಾಕಿದೆ. ಹೋದ ಸಲ ಅಳಿಸುವ ಮೊದಲು ನನ್ನ ಹತ್ತಿರ ಹೊರಗಿನಿಂದ ತಂದ ಎರಡು ಮೀಟರ್ ಗೇಜ್ ಡಬ್ಬಿ ಇದ್ದವು. ಈಗ ಇಲ್ಲ. ಹುಡುಕಿದೆ, ಎಲ್ಲೂ ಸಿಗಲಿಲ್ಲ. ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಮತ್ತೆ ಸ್ಕ್ರೀನ್‌ಶಾಟ್ ಎಲ್ಲಿ?


ಚಾಲಿ ಚೀಲ
ಮಂಗಳವಾರ ಮಧ್ಯಾಹ್ನ 2:40

ಅಪ್ಸರಕೊಂಡ ಅಕ್ಕ ಹೇಳಿದ್ದು ಸರಿ, ಅದನ್ನು ನಾನು ಬಿಟ್ಟುಬಿಟ್ಟಿದ್ದೆ. ಮೊದಲು ಫಾಲ್ಟಿ, ಆಮೇಲೆ ಹಳೇದು. ನನ್ನ ಫಿಲ್ಟರ್ ಪಟ್ಟಿಯಲ್ಲೂ ಈಗ ಆ ಎರಡನ್ನು ಮೇಲೆ ಹಾಕಿಕೊಂಡೆ. ಗುರುತಿಗೆ ಹೆಸರಿನ ಮುಂದೆ 1, 2 ಅಂತ ನಂಬರ್ ಹಾಕಿದರೆ ಅದೇ ಸಾಲಿನಲ್ಲಿ ಕಾಣುತ್ತದೆ.

ಒಂದು ಮಾತ್ರ ಸೇರಿಸುತ್ತೇನೆ. ಯಾವುದು ಯಾವುದರ ಹಿಂದಿನದು ಅಂತ ಗೊಂದಲ ಆದರೆ ಲಿಸ್ಟ್ ಅಸೆಟ್ ವರ್ಷನ್ಸ್ ಅಂತ ಇದೆ. ಅಜ್ಜ, ಅಪ್ಪ, ಮಗ ಎಲ್ಲರೂ ಒಂದೇ ಕಡೆ ಬರುತ್ತಾರೆ. ತೆಂಗಿನ ವಿಷಯದಲ್ಲಿ ಅದನ್ನೇ ನೋಡಿ ತಮ್ಮಾ. 3 ಅಂತ ಇನ್ನೊಂದು ಡೌನ್‌ಲೋಡ್ ಸ್ಟೇಷನ್ನಿನಲ್ಲಿ ಕುಳಿತಿದ್ದರೂ ಇರಬಹುದು. ಮಾಡಿದವರೇ ತಪ್ಪು ಕಂಡು ಸರಿ ಮಾಡಿರುತ್ತಾರೆ.

ಪ್ಯಾಸೆಂಜರ್ ಅವರೇ, ಮೀಟರ್ ಗೇಜ್ ಡಬ್ಬಿ ನನ್ನ ಹತ್ತಿರ ಇದೆ. ತಾಳಗುಪ್ಪ ಲೈನ್ ಬ್ರಾಡ್‌ಗೇಜ್ ಆಗುವ ಮುಂಚಿನ ಕಾಲಕ್ಕೆ ಅಂತ ಇಟ್ಟುಕೊಂಡಿದ್ದು. ನಿಮ್ಮದೇ ಹೌದೋ ಅಲ್ಲವೋ ಗೊತ್ತಿಲ್ಲ, ಕುಯಿಡ್ ನಂಬರ್ ಮೆಸೇಜ್ ಮಾಡಿ. ಮಾಡಿದವರು ಹಂಚಬಾರದು ಅಂತ ಬರೆದಿದ್ದರೆ ಮಾತ್ರ ಕೊಡಲಿಕ್ಕಾಗುವುದಿಲ್ಲ.


ಶಿರವಾಡ ಲೂಪ್‌ಲೈನ್
ಬುಧವಾರ ರಾತ್ರಿ 10:15

3 ಇತ್ತು ಅಣ್ಣಾ! ವರ್ಷನ್ಸ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಆರಾಮಾಗಿ ಕುಳಿತಿತ್ತು. ಇಳಿಸಿದೆ, ಮರ ಬಂತು. 1 ಮತ್ತು 2 ಎರಡನ್ನೂ ತೆಗೆದೆ. ಡಿಪೆಂಡೆಂಟ್ಸ್ ನೋಡಿಯೇ ತೆಗೆದದ್ದು, ಹೆದರಬೇಡಿ.

ಫಾಲ್ಟಿ ಪಟ್ಟಿ 31 ಇತ್ತು, ಈಗ 9. ಆ 9ರಲ್ಲಿ 4 ಪಿಎಂ ಮೆಶ್. ಅಕ್ಕಾ, ಪ್ರೋಗ್ರಾಂ ಇಳಿಸಿದ್ದೇನೆ, ಈ ಶನಿವಾರ ಕೈ ಹಾಕುತ್ತೇನೆ. ಬಿಲ್ಡ್ ನಂಬರ್ ಮುಟ್ಟುವುದಿಲ್ಲ.

ಇವತ್ತು ಸಂಜೆ ಅಪ್ಪನನ್ನು ಕೂರಿಸಿಕೊಂಡು ರೋ-ರೋ ಓಡಿಸಿದೆ. ಎರಡು ಡಬ್ಲ್ಯೂಡಿಜಿ-4, ಹಿಂದೆ ಇಪ್ಪತ್ತು ವ್ಯಾಗನ್, ಪ್ರತಿಯೊಂದರ ಮೇಲೆ ಲಾರಿ. ಹೊನ್ನಾವರ ದಾಟಿ ಶರಾವತಿ ಸೇತುವೆ ಹತ್ತಿದಾಗ ಅಪ್ಪ ಚಹಾ ಲೋಟ ಕೆಳಗಿಟ್ಟರು. ಹತ್ತಿರ ಬಂದು ಸ್ಕ್ರೀನ್ ನೋಡಿದರು. ಚೆನ್ನಾಗಿದೆ ಅನ್ನುತ್ತಾರೆ ಅಂತ ಕಾದೆ.

"ಗಾಲಿಗೆ ಅಡ್ಡ ಎಲ್ಲಿ ಕೊಟ್ಟಿದ್ದೀಯ? ಹೀಗೆ ಹೋದರೆ ಮುರ್ಡೇಶ್ವರ ಬರುವುದರೊಳಗೆ ಲಾರಿ ಹೊಳೆಯಲ್ಲಿ."

ಲಾರಿ ಗಾಲಿಗೆ ಅಡ್ಡ ಕೊಡುವ ಕಟ್ಟಿಗೆ ತುಂಡಿನ ಆಡ್-ಆನ್ ಯಾರಾದರೂ ನೋಡಿದ್ದೀರಾ? ಹಳೇದಾದರೂ ನಡೆಯುತ್ತದೆ.

ಕುಮಟಾ ಸ್ಕ್ರೀನ್‌ಶಾಟ್ ನಾಳೆ ಖಂಡಿತ. ಪ್ಲಾಟ್‌ಫಾರ್ಮಿನ ಬೆಂಚು ಇನ್ನೂ ಇಟ್ಟಿಲ್ಲ.


ಅಪ್ಸರಕೊಂಡ
ಬುಧವಾರ ರಾತ್ರಿ 10:48

ಕಟ್ಟಿಗೆ ತುಂಡು ನಾನು ಮಾಡಿಕೊಡುತ್ತೇನೆ, ಅರ್ಧ ಗಂಟೆ ಕೆಲಸ. ಎಷ್ಟು ಉದ್ದ, ಎಷ್ಟು ದಪ್ಪ ಇರುತ್ತಿತ್ತು ಅಂತ ಅಪ್ಪನ ಹತ್ತಿರ ಕೇಳಿ ಹೇಳಿ.